ಒಡೆದ ತಟ್ಟೆಗಳ ಮನೆಗೆ ಅಮ್ಮನ ಜೊತೆ

ಫ್ರಾನ್ಸಿನ ಶಾರ್ತ್ರ್ ಊರಿಗೆ ಹೋಗುವವರೆಲ್ಲ ಅಲ್ಲಿನ ದೊಡ್ಡ ಚರ್ಚ್ ನೋಡೋಕೆ ಹೋಗುತ್ತಾರೆ. ನಾವೂ ಹಾಗೇ ಹೊರಟಿದ್ದು. ಅಮ್ಮ ಬೆಂಗಳೂರಿನಿಂದ ಬಂದು ಮೂರು ವಾರ ಆಗಿತ್ತು. ಪ್ಯಾರಿಸ್ಸಿನ ಗೋಪುರ, ಮ್ಯೂಸಿಯಂ, ದೋಣಿ ಎಲ್ಲ ಮುಗಿದು, "ಇನ್ನು ಸಾಕು ಕಣೇ, ಮನೇಲೇ ಇರ್ತೀನಿ" ಅನ್ನೋ ಹಂತಕ್ಕೆ ಬಂದಿದ್ದಳು. ಒಂದೇ ಒಂದು ದಿನ ಅಂತ ಪುಸಲಾಯಿಸಿ ಕರೆದುಕೊಂಡು ಹೋದೆ. ಮೊಂಪರ್ನಾಸ್ ಸ್ಟೇಷನ್ನಿನಿಂದ ರೈಲು. ಸುಮಾರು 90 ಕಿಲೋಮೀಟರ್, ಒಂದು ಗಂಟೆಯ ಚಿಲ್ಲರೆ ದಾರಿ. ಊರು ಇನ್ನೂ ದೂರ ಇರುವಾಗಲೇ ಗೋಧಿ ಹೊಲಗಳ ಮೇಲೆ ಚರ್ಚಿನ ಎರಡು ಗೋಪುರ ಕಾಣುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ.

ಚರ್ಚಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ. ಅಲ್ಲಿನ ಬಣ್ಣದ ಗಾಜು ಹೆಚ್ಚಿನದು 12, 13ನೇ ಶತಮಾನದ್ದು. ಆ ನೀಲಿಯನ್ನು ಅಮ್ಮ ಕತ್ತೆತ್ತಿ ತುಂಬ ಹೊತ್ತು ನೋಡಿದಳು. "ಎಲ್ಲಾ ಚೂರು ಚೂರು ಜೋಡ್ಸಿರೋದಲ್ವಾ?" ಅಂದಳು. ಹೌದು, ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿದ್ದು.

ನಾನು ನೋಡಬೇಕು ಅಂದುಕೊಂಡಿದ್ದು ಇನ್ನೊಂದು ಚೂರಿನ ಕೆಲಸ. ಚರ್ಚಿನ ಗುಡ್ಡದಿಂದ ಇಳಿದು, ಹೊಳೆ ದಾಟಿ, ಆಚೆ ದಡದ ಏರು ಹತ್ತಿದರೆ ಸಾಧಾರಣ ಮನೆಗಳ ಒಂದು ಬಡಾವಣೆ. ಅಲ್ಲಿ ಸ್ಮಶಾನದ ಪಕ್ಕದ ಬೀದಿಯ ಹೆಸರು ರ‍್ಯೂ ದ್ಯು ರಪೋ, ಅಂದರೆ ವಿಶ್ರಾಂತಿ ಬೀದಿ. ಅದರ 22ನೇ ನಂಬರಿನ ಮನೆ ರೇಮೊಂ ಇಸಿದೋರ್ ಎಂಬುವನದು. ಅದೇ ಸ್ಮಶಾನದಲ್ಲಿ ಕಸ ಗುಡಿಸುತ್ತಿದ್ದವನು.

ನಾವು ಹೋದಾಗ ಬಾಗಿಲು ಹಾಕಿತ್ತು. ಊಟದ ಬಿಡುವು. ಮೊದಲೇ ನೋಡಿಕೊಂಡು ಹೊರಡದಿದ್ದದ್ದು ನನ್ನದೇ ತಪ್ಪು. ಬೀದಿಯ ಮೂಲೆಯ ಕಟ್ಟೆ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆಗೆದೆವು. ತಿನ್ನುತ್ತಾ ಅಮ್ಮನಿಗೆ ಅವನ ಕಥೆ ಹೇಳಿದೆ.

ಇಸಿದೋರ್ ಹುಟ್ಟಿದ್ದು 1900ರಲ್ಲಿ, ಇದೇ ಊರಲ್ಲಿ. ಮದುವೆಯಾದದ್ದು ತನಗಿಂತ ಹನ್ನೊಂದು ವರ್ಷ ದೊಡ್ಡವಳಾದ, ಮೂರು ಮಕ್ಕಳಿದ್ದ ವಿಧವೆ ಆದ್ರಿಯೆನ್‌ಳನ್ನು. 1929ರಲ್ಲಿ ಈ ಸೈಟು ಕೊಂಡ. ಆಮೇಲೆ ತಾನೇ ಮನೆ ಕಟ್ಟಿದ. ಚಿತ್ರಕಲೆ ಕಲಿತವನಲ್ಲ. 1938ರಲ್ಲಿ ಹೊಲದಲ್ಲಿ ನಡೆದು ಹೋಗುವಾಗ ಗಾಜಿನ, ಪಿಂಗಾಣಿಯ ಚೂರುಗಳು ಕಣ್ಣಿಗೆ ಬಿದ್ದವು. ಬಣ್ಣ ಚೆನ್ನಾಗಿದೆ, ಹೊಳೀತಾ ಇದೆ ಅಂತ ಸುಮ್ನೆ ಎತ್ತಿಕೊಂಡು ಬಂದ. ತೋಟದ ಮೂಲೆಯಲ್ಲಿ ಗುಡ್ಡೆ ಹಾಕಿದ. ಅದನ್ನೆಲ್ಲ ಗೋಡೆಗೆ ಮೆತ್ತೋಣ ಅನ್ನೋ ಯೋಚನೆ ಬಂದದ್ದು ಆಮೇಲೆ. ಅದರ ಮರುವರ್ಷ, 1939ರಲ್ಲಿ, ಯುದ್ಧದ ಭಯಕ್ಕೆ ಊರಿನವರು ಚರ್ಚಿನ ಗಾಜುಗಳನ್ನೆಲ್ಲ ಇಳಿಸಿ ಜೋಪಾನ ಮಾಡಿದರು. ಊರು ಗಾಜು ಇಳಿಸುವ ಕಾಲದಲ್ಲಿ ಇವನು ಗಾಜು ಏರಿಸಲು ಹೊರಟಿದ್ದ!

ತಿಪ್ಪೆ, ಹರಾಜು ಕಟ್ಟೆ, ಎಲ್ಲಿ ಒಡೆದ ತಟ್ಟೆ ಸಿಕ್ಕರೂ ಬಿಡುತ್ತಿರಲಿಲ್ಲ. ಜನ ನಕ್ಕು 'ಪಿಕಾಸಿಯೆತ್' ಅಂತ ಅಡ್ಡಹೆಸರಿಟ್ಟರು. ಫ್ರೆಂಚಿನಲ್ಲಿ 'ಪಿಕ್-ಅಸಿಯೆತ್' ಅಂದರೆ ಕಂಡವರ ಮನೆಯಲ್ಲಿ ಬಿಟ್ಟಿ ಉಣ್ಣುವವನು. ಅದರ ಒಳಗೆ ತಟ್ಟೆಯೂ ('ಅಸಿಯೆತ್') ಇದೆ, ಕಿವಿಗೆ ಚಿತ್ರಕಾರ ಪಿಕಾಸೋ ಹೆಸರೂ ಕೇಳುತ್ತದೆ. ಈಗ ಅದೇ ಮನೆಯ ಅಧಿಕೃತ ಹೆಸರು.

"ಒಡೆದಿದ್ದನ್ನ ಮನೇಲಿ ಇಟ್ಕೋಬಾರ್ದು" ಅಂದಳು ಅಮ್ಮ. ಇವಳು ಒಳಗೆ ಬರುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನ ಶುರುವಾಯಿತು.

ಬಾಗಿಲು ತೆಗೆದರು. ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಗೋಡೆಯಲ್ಲಿ ಹೂವು, ಕಾಲ ಕೆಳಗೆ ಹೂವು. ಹತ್ತಿರ ಹೋದರೆ ಹೂವಿನ ನಡುವೆ ಯಾವುದೋ ಬಟ್ಟಲಿನ ತಳ, ಎಸಳು ಅಂದುಕೊಂಡದ್ದು ತಟ್ಟೆಯ ಅಂಚು. ತಟ್ಟೆಯ ಮೇಲೆ ಮೊದಲೇ ಬರೆದಿದ್ದ ಗುಲಾಬಿ ಒಡೆದು ಅರ್ಧ ಆಗಿದೆ, ಅದರ ಪಕ್ಕಕ್ಕೆ ಇನ್ಯಾರದೋ ಮನೆಯ ಇನ್ನರ್ಧ ಗುಲಾಬಿ. ಅಳತೆ ಸರಿಯಿಲ್ಲ, ಆದರೂ ಕೂಡಿಕೊಂಡಿದೆ. ಅಮ್ಮ ಬಗ್ಗಿ ನೋಡಿ, "ನಮ್ಮ ಟೆರೇಸ್ ಥರಾನೇ" ಅಂದಳು. ಬಿಸಿಲು ತಡೆಯಲಿ ಅಂತ ನಮ್ಮ ತಾರಸಿಗೆ ಮೇಸ್ತ್ರಿ ಬಿಳಿ ಟೈಲ್ಸ್ ಚೂರು ಹಾಕಿದ್ದು ಅವಳಿಗೆ ನೆನಪಾಗಿತ್ತು. ಹಸಿ ಸಿಮೆಂಟಿನಲ್ಲಿ ಒಂದೊಂದೇ ಒತ್ತಬೇಕು, ಸಿಮೆಂಟು ಗಟ್ಟಿಯಾಗುವ ಮೊದಲು ಮುಗಿಸಬೇಕು. ಮೇಸ್ತ್ರಿ ನಾಲ್ಕು ದಿನದಲ್ಲಿ ಮುಗಿಸಿದ್ದ. ಇವನ ಕೆಲಸವನ್ನು ಲೆಕ್ಕ ಹಾಕಿದವರು 29,000 ಗಂಟೆ, 15 ಟನ್ ಚೂರು ಅನ್ನುತ್ತಾರೆ.

ಮನೆ ಪುಟ್ಟದು. ನನಗೆ ಇಷ್ಟವಾದದ್ದು ಈ ಒಳಗಿನ ಭಾಗವೇ. ಹಿಂದಿನ ಅಂಗಳಗಳಲ್ಲಿ ಆಕಾಶನೀಲಿ ಸಿಂಹಾಸನ, ಶಾರ್ತ್ರ್ ಚರ್ಚಿನದೇ ಚಿಕ್ಕ ಪ್ರತಿ, ಐಫೆಲ್ ಗೋಪುರ, ಜೆರುಸಲೇಮ್ ಎಲ್ಲ ಇವೆ. ಫೋಟೋದಲ್ಲಿ ಬರುವುದು ಅವೇ. ಪೂರ್ತಿ ಕಪ್ಪು ಬಣ್ಣದ ಒಂದು ಅಂಗಳವಂತೂ ಎದೆ ಮೇಲೆ ಕೂತ ಹಾಗಾಗುತ್ತದೆ. ಆದರೆ ಅವು ನೋಡುವವರಿಗೆ ಅಂತ ಮಾಡಿದ ಹಾಗಿವೆ. ಒಳಗಿನದು ಹಾಗಲ್ಲ, ಅಲ್ಲಿ ಅವರು ದಿನಾ ಬಾಳಿದ್ದರು. ಮಂಚಕ್ಕೆ ಚೂರು, ಕುರ್ಚಿಗೆ ಚೂರು, ಮೇಜಿಗೂ ಚೂರು. ಅಡುಗೆ ಒಲೆಯನ್ನೂ ಬಿಟ್ಟಿಲ್ಲ, ಹೊಗೆ ಹೋಗುವ ಕೊಳವೆಯನ್ನೂ ಬಿಟ್ಟಿಲ್ಲ.

ಅಮ್ಮ ಒಲೆಯ ಮುಂದೆ ನಿಂತುಬಿಟ್ಟಳು.

"ಹಾಲು ಉಕ್ಕಿದ್ರೆ ಹೇಗೆ ಒರೆಸ್ತಿದ್ಲು ಅವಳು?"

ನನಗೆ ಇದು ಹೊಳೆದೇ ಇರಲಿಲ್ಲ. ಈ ಮನೆಯ ಬಗ್ಗೆ ಓದಿದ್ದರಲ್ಲೆಲ್ಲ ಇದ್ದದ್ದು ಅವನು. ಅವನ ಹುಚ್ಚು, ಅವನ ಭಕ್ತಿ, ಅವನ ಕೈ. ಚೂರುಗಳ ಸಂದಿಯಲ್ಲಿ ಕೂರುವ ಧೂಳು ಯಾರು ತೆಗೆಯಬೇಕು? ಆ ಕುರ್ಚಿಯಲ್ಲಿ ಸೀರೆಯೋ ಸ್ಕರ್ಟೋ ಸಿಕ್ಕಿಕೊಳ್ಳದ ಹಾಗೆ ಹೇಗೆ ಕೂರುವುದು? ಇಪ್ಪತ್ತು ಚಿಲ್ಲರೆ ವರ್ಷ ಗಂಡ ಮನೆಯ ಒಂದೊಂದೇ ಸಾಮಾನನ್ನು ಅಲಂಕರಿಸುತ್ತಾ ಬಂದರೆ ಹೆಂಡತಿ ದಿನಾ ಬೆಳಿಗ್ಗೆ ಎದ್ದು, 'ಇವತ್ತು ಯಾವುದಪ್ಪಾ?' ಅಂತ ನೋಡಬೇಕು.

ಆ ಕೋಣೆಗಳಲ್ಲಿ ಒಂದು ಹೊಲಿಗೆ ಮಿಷನ್ ಇದೆ. ಕಾಲಲ್ಲಿ ತುಳಿಯುವಂಥದ್ದು. ಅದರ ಮೈಯ ಮೇಲೂ ಪಿಂಗಾಣಿ. ಅಮ್ಮ ಮದುವೆಗೆ ಮುಂಚಿನಿಂದ ಉಷಾ ಮಿಷನ್ ತುಳಿದವಳು. ನಮ್ಮ ಸ್ಕೂಲ್ ಯೂನಿಫಾರ್ಮೆಲ್ಲ ಅದರಲ್ಲೇ ಹೊಲಿದದ್ದು. ಕನ್ನಡಕ ಸರಿ ಮಾಡಿಕೊಂಡು ಅದರ ಸುತ್ತ ಬಂದಳು. ಕೈ ಹಿಂದೆ ಕಟ್ಟಿಕೊಂಡಿದ್ದಳು, ಮುಟ್ಟಬಾರದು ಅಂತ ನಾನು ಎರಡು ಸಲ ಹೇಳಿದ್ದೆ. ಆದರೆ ಬಲಗಾಲಿನ ಹಿಮ್ಮಡಿ ನೆಲದ ಮೇಲೆ ಮೆಲ್ಲಗೆ ಏರಿಳಿಯುತ್ತಿತ್ತು. ತುಳಿಯುವ ಲಯ. ಅವಳಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಇಸಿದೋರ್ ಕೊನೆ ಚೆನ್ನಾಗಿರಲಿಲ್ಲ. ಕೆಲಸ ಮುಗಿದದ್ದು 1962ರಲ್ಲಿ. 1964ರ ಸೆಪ್ಟೆಂಬರಿನಲ್ಲಿ ಒಂದು ಬಿರುಗಾಳಿಯ ರಾತ್ರಿ ಬುದ್ಧಿ ಸ್ತಿಮಿತದಲ್ಲಿಲ್ಲದೆ ಮನೆ ಬಿಟ್ಟು ಹೊರಟ. ಆಮೇಲೆ ದಾರಿಯಲ್ಲಿ ಸಿಕ್ಕ, ಸ್ವಲ್ಪದರಲ್ಲೇ ತೀರಿಕೊಂಡ. ಊರಿನ ಪುರಸಭೆ 1981ರಲ್ಲಿ ಮನೆಯನ್ನು ತನ್ನದಾಗಿಸಿಕೊಂಡಿತು. 1983ರಲ್ಲಿ ಸರ್ಕಾರ ಸ್ಮಾರಕ ಅಂತ ಘೋಷಿಸಿತು. ಇದನ್ನು ನಾನು ಅಮ್ಮನಿಗೆ ವಾಪಸ್ ಹತ್ತುವಾಗ ಹೇಳಿದೆ. "ಪಾಪ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಅವಳೂ ಪಾಪಾನೇ" ಅಂತ ಸೇರಿಸಿದಳು.

ನೀವು ಹೋಗುವುದಾದರೆ ಚಳಿಗಾಲದಲ್ಲಿ ಬೇಡ, ಮುಚ್ಚಿರುತ್ತೆ. ಚರ್ಚನ್ನು ಮೊದಲು ನೋಡಿ, ಆ ನೀಲಿ ಕಣ್ಣಲ್ಲಿರುವಾಗಲೇ ಇಲ್ಲಿಗೆ ಬನ್ನಿ. ಊಟದ ಹೊತ್ತಿಗೆ ಮಾತ್ರ ನಮ್ಮ ಹಾಗೆ ಹೋಗಬೇಡಿ.

ರೈಲಿನಲ್ಲಿ ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚರ್ಚಿಗೆ ಸಿಕ್ಕಿದ್ದು ಒಂದೇ ವಾಕ್ಯ, "ಹಾಂ, ದೊಡ್ಡದಾಗಿದೆ." ಆಮೇಲೆ ಶುರುವಾಯಿತು: ಒಬ್ಬ ಕಸ ಗುಡಿಸೋನ ಮನೆಗೆ ಹೋಗಿದ್ವಿ, ಏನ್ ಮನೆ ಅಂತೀಯ, ಒಲೆ ಹೀಗೆ, ಮಂಚ ಹೀಗೆ. ಕಿಟಕಿಯಾಚೆ ಗೋಪುರಗಳು ಸಣ್ಣಗಾಗುವವರೆಗೂ ನಡೆಯಿತು. ಕೊನೆಗೆ ದನಿ ತಗ್ಗಿಸಿ ಹೇಳಿದಳು: "ಹೊಲಿಗೆ ಮಿಷನ್‌ಗೂ ಮೆತ್ತಿದ್ದಾನೆ ಕಣೇ. ಚೆನ್ನಾಗೇನೋ ಇದೆ. ಆದ್ರೆ ಅಷ್ಟು ಭಾರಕ್ಕೆ ಅದು ಓಡಲ್ಲ."