ಅಕ್ಷರಗುಂಡಿನ ಮುಂದೆ

ಸಾಲ ಮಾಡಿ ಕಾಂಬೋಡಿಯಾದ ಅಂಕೋರ್ ವಾಟ್ ನೋಡಿ ಬಂದವನು ನಾನು. ದುರ್ಗದಲ್ಲೇ ಹುಟ್ಟಿ ಬೆಳೆದರೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದದ್ದು ನಿನ್ನೆ. ಬಸ್ಸಿನ ಕಥೆ ಬೇಡ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ. ಊರವರ ಬಾಯಲ್ಲಿ ‘ಅಕ್ಷರಗುಂಡು’. ಅದರ ಮುಂದೆ ನಾನು, ಒಂದು ಮೇಕೆ, ಇಬ್ಬರೇ. ಸವೆದ ಅಕ್ಷರಗಳು ಇರುವೆ ಸಾಲಿನಂತಿವೆ. ಬರೆದವನು ಚಪಡ. ಉದ್ದಕ್ಕೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಗಾಂಧಾರದ ಕಡೆಯ ಆ ಲಿಪಿಯನ್ನು ಇಲ್ಲಿ ಓದುವವರು ಯಾರಿದ್ದರು? ಊರಿನ ನೆನಪೋ, ಜಂಬವೋ? ನನಗೇನೋ ಜಂಬವೇ ಅನ್ನಿಸಿತು, ಖುಷಿಯೂ ಆಯಿತು.

ಅಂಕೋರ್‌ನಲ್ಲಿ ತೆಗೆದ ಫೋಟೊಗಳು ನಾನೂರು. ಇಲ್ಲಿ ಎರಡು, ಒಂದರಲ್ಲಿ ಮೇಕೆ ಅಡ್ಡ ಬಂದಿದೆ.