ತಿರುಗಿ ನಿಂತ ‘ಕೆ’

“ಹೊರಗಿತ್ತು,” ಅಂದಳು ಹುಡುಗಿ.

“ಇರಬಹುದು. ತಿರುಗಿಸು,” ಅಂದರು ಅಜ್ಜ.

ಶನಿವಾರದ ಬೇಸ್‌ಬಾಲ್ ಪಂದ್ಯ ಮುಗಿದು ನಾಲ್ಕು ದಿನವಾಯಿತು, ಈ ಎರಡು ಮಾತು ಮಾತ್ರ ತಲೆಯಿಂದ ಇಳಿದಿಲ್ಲ. ಮುಂದಿನ ಸಾಲಿನಲ್ಲಿ ಒಂಬತ್ತೋ ಹತ್ತೋ ವರ್ಷದ ಹುಡುಗಿ, ತೊಡೆಯ ಮೇಲೆ ಸ್ಕೋರ್‌ಬುಕ್, ಕಿವಿಗೆ ಸಿಕ್ಕಿಸಿದ ಇನ್ನೊಂದು ಪೆನ್ಸಿಲ್. ಒಂದು ಪಕ್ಕ ಅಜ್ಜ, ಕೈಯಲ್ಲಿ ಬರೀ ರಬ್ಬರ್. ಇನ್ನೊಂದು ಪಕ್ಕದವನು ಅಪ್ಪನಿರಬೇಕು. ಆಸಾಮಿ ಫೋನಿನಿಂದ ಕತ್ತು ಎತ್ತಿದ್ದು ಬಿಯರ್ ಬಂದಾಗ ಮಾತ್ರ. ನ್ಯೂಯಾರ್ಕಿನ ಯಾಂಕೀಸ್ ತಂಡದ ಹಳೆಯ ಆಟಗಾರ, ಆಮೇಲೆ ವೀಕ್ಷಕ ವಿವರಣೆಗಾರನಾದ ಫಿಲ್ ರಿಝುಟೊ ತನ್ನ ಹಾಳೆಯಲ್ಲಿ ಅಲ್ಲಲ್ಲಿ ‘ಡಬ್ಲ್ಯೂ ಡಬ್ಲ್ಯೂ’ ಅಂತ ಬರೆದುಕೊಳ್ಳುತ್ತಿದ್ದನಂತೆ. ಇಂಗ್ಲಿಷಿನ ‘ವಾಸಂಟ್ ವಾಚಿಂಗ್’, ಅಂದರೆ ‘ನಾನು ನೋಡುತ್ತಿರಲಿಲ್ಲ’. ಈ ಅಪ್ಪನ ಕೈಗೆ ಪುಸ್ತಕ ಕೊಟ್ಟಿದ್ದರೆ ಪುಟವಿಡೀ ಅದೇ ಇರುತ್ತಿತ್ತು.

ಆದದ್ದಿಷ್ಟು. ಎರಡು ಸ್ಟ್ರೈಕ್ ಆಗಿದ್ದವು. ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯುವಂತಿದ್ದ ಎಸೆತವನ್ನು ಬಿಟ್ಟರೆ ಒಂದು ಸ್ಟ್ರೈಕ್, ಮೂರಾದರೆ ಔಟ್. ಮೂರನೆಯ ಎಸೆತ ಹೋಮ್ ಪ್ಲೇಟಿನ (ಬ್ಯಾಟರ್ ಎದುರು ನೆಲದಲ್ಲಿ ಹಾಸಿದ ಬಿಳಿ ಹಲಗೆ) ಹೊರ ಅಂಚಿಗೆ ಬಂತು, ಬ್ಯಾಟರ್ ಬ್ಯಾಟ್ ಬೀಸದೆ ನಿಂತ, ಅಂಪೈರ್ ಕೈ ಎತ್ತಿದ. ಬೀಸಿ ಚೆಂಡು ತಪ್ಪಿ ಔಟಾದರೆ ಇಂಗ್ಲಿಷಿನ ‘ಕೆ’ ಅಕ್ಷರ ನೆಟ್ಟಗೆ ಬರೆಯಬೇಕು. ಸುಮ್ಮನೆ ನೋಡುತ್ತ ನಿಂತು ಔಟಾದರೆ ಅದೇ ‘ಕೆ’ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಲ್ಲಬೇಕು. ಹುಡುಗಿಯ ಪೆನ್ಸಿಲ್ ಇಳಿಯಲಿಲ್ಲ. ಪ್ಲೇಟಿನ ಅಗಲ 17 ಇಂಚು, ಚೆಂಡು ಅದರ ಆಚೆ ಹೋಗಿದ್ದನ್ನು ಅವಳು ಕಂಡಿದ್ದಳು. ಅಮೆರಿಕದ ಮೇಜರ್ ಲೀಗ್‌ನಲ್ಲಿ 2026ರ ಸೀಸನ್‌ನಿಂದ ಇಂಥ ತೀರ್ಪನ್ನು ಪ್ರಶ್ನಿಸಬಹುದು. ಬ್ಯಾಟರ್, ಚೆಂಡೆಸೆಯುವ ಪಿಚರ್, ಆ ಎಸೆತ ಹಿಡಿಯುವ ಕ್ಯಾಚರ್ ಈ ಮೂವರಲ್ಲಿ ಒಬ್ಬರು ತಲೆ ತಟ್ಟಿಕೊಂಡರೆ ಚೆಂಡಿನ ದಾರಿ ದೊಡ್ಡ ಪರದೆಯ ಮೇಲೆ ಬರುತ್ತದೆ. ಆದರೆ ತಂಡಕ್ಕೆ ಸಿಗುವುದು ಎರಡೇ ಅವಕಾಶ. ಗೆದ್ದರೆ ಉಳಿಯುತ್ತದೆ, ಸೋತರೆ ಹೋಯಿತು. ಈ ಬ್ಯಾಟರ್ ತಂಡದ್ದು ಎರಡೂ ಆಗಲೇ ಹೋಗಿದ್ದವು.

“ಹೊರಗಿತ್ತು.” “ಇರಬಹುದು. ತಿರುಗಿಸು.”

ಕ್ರಿಕೆಟ್ ಸ್ಕೋರ್ ಪುಸ್ತಕ ನೋಡಿ ಬೆಳೆದವರಿಗೆ ಈ ಪುಸ್ತಕ ಮೊದಲು ಗಲಿಬಿಲಿ ಹುಟ್ಟಿಸುತ್ತದೆ. ನಮ್ಮಲ್ಲಿ ಕವರ್‌ನಲ್ಲಿ ನಿಂತವನು ಹತ್ತು ಬೌಂಡರಿ ತಡೆದರೂ ಪುಸ್ತಕಕ್ಕೆ ಬರುವುದು ಹತ್ತು ಚುಕ್ಕೆ, ತಡೆದವನ ಹೆಸರಿಲ್ಲ. ಇಲ್ಲಿ ಔಟ್ ಮಾಡಿಸಲು ಚೆಂಡು ಮುಟ್ಟಿದ ಪ್ರತಿ ಕೈಗೂ ಲೆಕ್ಕವಿದೆ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಸೆಕೆಂಡ್, ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡದಿಂದ ಬಲಕ್ಕೆ ಔಟ್‌ಫೀಲ್ಡ್ 7, 8, 9. ಇದು ಸ್ಥಾನದ ಸಂಖ್ಯೆ, ಅಂಗಿಯ ಬೆನ್ನಿನದಲ್ಲ. ಮಕ್ಕಳು ಮೊದಲು ಎಡವುವುದೇ ಇಲ್ಲಿ. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಫಸ್ಟ್ ಬೇಸಿಗೆ ಎಸೆದು ಬ್ಯಾಟರ್ ಔಟಾದರೆ 6-3. ಅದೇ ಶಾರ್ಟ್‌ಸ್ಟಾಪ್ ಕೈಬಿಟ್ಟರೆ ‘ಇ 6’, ಅಂದರೆ ಎರರ್. ಅವನ ಹೆಸರಿನ ಅಂಗಿಯನ್ನೇ ತೊಟ್ಟು ಕೂತ ಮಗು ಕೂಡ ಆ ‘ಇ 6’ ಅನ್ನು ತನ್ನ ಕೈಯಾರೆ ಬರೆಯಬೇಕು.

ಬ್ಯಾಟರ್‌ಗೊಂದು ಅಡ್ಡಸಾಲು, ಇನ್ನಿಂಗ್‌ಗೊಂದು ಕಂಬಸಾಲು. ಪ್ರತಿ ಮನೆಯೊಳಗೆ ಮೂಲೆ ಮೇಲಾಗಿ ನಿಂತ ಪುಟ್ಟ ಚೌಕ, ಬ್ಯಾಟರ್ ಓಡಿ ಸುತ್ತಬೇಕಾದ ಬೇಸುಗಳ ನಕ್ಷೆ. ಕೆಳತುದಿ ಹೋಮ್, ಬಲತುದಿ ಫಸ್ಟ್, ಮೇಲ್ತುದಿ ಸೆಕೆಂಡ್, ಎಡತುದಿ ಥರ್ಡ್. ಓಟಗಾರ ಎಷ್ಟು ಮುಂದೆ ಹೋದನೋ ಅಷ್ಟು ಗೆರೆ, ಹೋಮ್ ಮುಟ್ಟಿದರೆ ರನ್, ಚೌಕ ಪೂರ್ತಿ ಕಪ್ಪು. ಔಟಾದರೆ ಇನ್ನಿಂಗ್‌ನ ಮೂರು ಔಟ್‌ಗಳಲ್ಲಿ ಅದು ಎಷ್ಟನೆಯದೋ ಆ ಸಂಖ್ಯೆ ಬರೆದು ಸುತ್ತ ಸೊನ್ನೆ. ಕೆಡುವುದು ಸಣ್ಣ ಸಣ್ಣ ಕಡೆ. 6-4-3 ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆದಾಗ ಬ್ಯಾಟರ್‌ನ ಮನೆ ತುಂಬಿ, ಸೆಕೆಂಡ್ ಬೇಸಿನಲ್ಲಿ ಔಟಾದ ಓಟಗಾರನ ಮನೆಯಲ್ಲಿ 6-4 ಬರೆಯುವುದನ್ನು ಮರೆಯುತ್ತಾರೆ. ಒಂದೇ ಇನ್ನಿಂಗ್‌ನಲ್ಲಿ ಒಂಬತ್ತೂ ಜನ ಆಡಿ ಮೊದಲನೆಯವನು ಮತ್ತೆ ಬಂದರೆ ಕಂಬಸಾಲು ಮುಗಿದಿರುತ್ತದೆ. ಪಕ್ಕದ್ದಕ್ಕೆ ಹೋಗಿ, ಅಲ್ಲಿಂದಾಚೆಗಿನ ಇನ್ನಿಂಗ್ ಸಂಖ್ಯೆಗಳನ್ನೆಲ್ಲ ತಿದ್ದಬೇಕು. ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದಿದ್ದರೆ, ಫಸ್ಟ್ ಬೇಸ್ ಖಾಲಿ ಇದ್ದರೆ ಅಥವಾ ಆಗಲೇ ಎರಡು ಔಟ್ ಆಗಿದ್ದರೆ, ಬ್ಯಾಟರ್ ಓಡಬಹುದು; ಓಡಿ ಬೇಸ್ ಮುಟ್ಟಿ ಉಳಿದುಕೊಂಡರೂ ‘ಕೆ’ ಬರೆಯಬೇಕು. ಹಾಗಾಗಿ ಒಂದೇ ಇನ್ನಿಂಗ್‌ನಲ್ಲಿ ನಾಲ್ಕು ‘ಕೆ’ ಬಂದರೂ ತಪ್ಪಲ್ಲ.

ಪೆನ್ ತರಲೇಬಾರದು. ಬ್ಯಾಟರ್ ಬೇಸಿಗೆ ಹೋದದ್ದು ತನ್ನ ಹೊಡೆತದಿಂದಲೋ (ಹಿಟ್) ಎದುರಾಳಿಯ ತಪ್ಪಿನಿಂದಲೋ (ಎರರ್) ಎಂದು ಹೇಳುವ ಅಧಿಕೃತ ಸ್ಕೋರರ್‌ಗೆ ಪಂದ್ಯ ಮುಗಿದ ಮೇಲೂ 24 ಗಂಟೆಯೊಳಗೆ ಮನಸ್ಸು ಬದಲಿಸುವ ಹಕ್ಕಿದೆ. 2023ರಿಂದ ಪಿಚರ್ ನೆತ್ತಿಯ ಮೇಲೆ ಗಡಿಯಾರವೂ ಬಂದಿದೆ. ಈಗ ಬೇಸುಗಳು ಖಾಲಿ ಇದ್ದರೆ 15 ಸೆಕೆಂಡು, ಓಟಗಾರರಿದ್ದರೆ 18. ಕಡಲೆಕಾಯಿ ಸುಲಿಯುತ್ತ ಬರೆಯುವ ಕಾಲ ಹೋಯಿತು. ಇದು ನನಗೇನೂ ಹಿಡಿಸಿಲ್ಲ.

ಕೊನೆಗೆ ತಾಳೆ ನೋಡುವುದಿದೆ, ಶ್ಯಾನುಭೋಗರ ಲೆಕ್ಕದ ಹಾಗೆ. ಪ್ಲೇಟಿಗೆ ಬಂದವರೆಲ್ಲ ಮೂರರಲ್ಲೊಂದು ಗತಿ ಕಾಣಬೇಕು: ರನ್, ಔಟ್, ಇಲ್ಲವೇ ಬೇಸಿನಲ್ಲೇ ಉಳಿಕೆ. 38 ಸಲ ಬಂದಿದ್ದರೆ 4 ರನ್, 7 ಉಳಿಕೆ, ಒಂಬತ್ತು ಇನ್ನಿಂಗ್‌ಗೆ 27 ಔಟ್ ಸೇರಿ 38 ಆಗಬೇಕು. 26 ಔಟ್ ಬಂದರೆ ಆ ಡಬಲ್ ಪ್ಲೇ ಹುಡುಕು. ಹತ್ತನೇ ಇನ್ನಿಂಗ್‌ಗೆ ಹೋದರೆ ಲೆಕ್ಕವೇ ಬೇರೆ. 2020ರಲ್ಲಿ ಬಂದ ನಿಯಮದಂತೆ ಒಬ್ಬ ಓಟಗಾರನನ್ನು ಪುಕ್ಕಟೆ ಸೆಕೆಂಡ್ ಬೇಸಿನಲ್ಲಿ ನಿಲ್ಲಿಸಿರುತ್ತಾರೆ, ಅವನು ಪ್ಲೇಟಿಗೆ ಬಂದವನೇ ಅಲ್ಲ. ಹೆಚ್ಚುವರಿ ಸರದಿಗೊಂದರಂತೆ ಕೂಡಿಸಿಕೊಳ್ಳಬೇಕು.

ಈ ಬರವಣಿಗೆಗೆ ಬುನಾದಿ ಹಾಕಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಬ್ರೂಕ್ಲಿನ್‌ನಲ್ಲಿ ಬೆಳೆದು, ಮೊದಲು ಕ್ರಿಕೆಟ್ ವರದಿ ಮಾಡಿಕೊಂಡಿದ್ದವನು. ‘ಸ್ಟ್ರಕ್’ ಪದದ ಕೊನೆಗೆ ಒತ್ತಾಗಿ ಕೇಳುವ ಅಕ್ಷರವನ್ನೇ ಹೆಕ್ಕಿ ‘ಕೆ’ ಮಾಡಿದ. ಅದೇ ಬ್ರೂಕ್ಲಿನ್‌ನ ಆಗಿನ ತಂಡ ಡಾಜರ್ಸ್‌ನ ಅಭಿಮಾನಿಯಾಗಿ ಬೆಳೆದವರು ಇತಿಹಾಸಕಾರ್ತಿ ಡೋರಿಸ್ ಕರ್ನ್ಸ್ ಗುಡ್ವಿನ್. ಆರು ವರ್ಷದವಳಿದ್ದಾಗ ಅಪ್ಪ ಸ್ಕೋರ್ ಬರೆಯುವುದು ಕಲಿಸಿದರು. ಹಗಲು ರೇಡಿಯೊ ಕೇಳಿ ಬರೆಯುವುದು, ಸಂಜೆ ಕೆಲಸದಿಂದ ಬಂದ ಅಪ್ಪನಿಗೆ ಪುಸ್ತಕ ನೋಡಿ ಇಡೀ ಪಂದ್ಯ ಒಪ್ಪಿಸುವುದು. ಮರುದಿನದ ಪೇಪರಿನಲ್ಲಿ ಇದೆಲ್ಲ ಅಚ್ಚಾಗುತ್ತದೆ ಎಂಬ ಗುಟ್ಟನ್ನು ಅಪ್ಪ ಬಿಟ್ಟುಕೊಡಲಿಲ್ಲ. ತಾನು ಹೇಳದಿದ್ದರೆ ಅಪ್ಪನಿಗೆ ತಿಳಿಯುವುದೇ ಇಲ್ಲ ಎಂದು ಮಗು ನಂಬಿತ್ತು. ಆ ಅಪ್ಪ ಬಲು ಜಾಣ.

ಡಾಜರ್ಸ್ ಮಕ್ಕಳು ಬರೆದ ಅತಿ ಕಹಿ ‘ಕೆ’ 1956ರ ಅಕ್ಟೋಬರ್ 8ರದ್ದು. ವರ್ಷದ ಕಿರೀಟಕ್ಕಾಗಿ ನಡೆಯುವ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಯಾಂಕೀಸ್‌ನ ಡಾನ್ ಲಾರ್ಸನ್ 26 ಜನರಲ್ಲಿ ಒಬ್ಬನನ್ನೂ ಬೇಸಿಗೆ ಬಿಟ್ಟಿರಲಿಲ್ಲ. 27ನೆಯವನು ಡೇಲ್ ಮಿಚೆಲ್. ಮೂರನೇ ಸ್ಟ್ರೈಕಿಗೆ ಬ್ಯಾಟ್ ಅರ್ಧ ತಂದು ತಡೆದ, ಅಂಪೈರ್ ಬೇಬ್ ಪಿನೆಲಿ ಔಟ್ ಕೊಟ್ಟ. ಚೆಂಡು ಹೊರಗಿತ್ತು ಎಂದು ಮಿಚೆಲ್ ಆಮೇಲೂ ಹೇಳುತ್ತಿದ್ದ. ಇರಬಹುದು. ಪುಸ್ತಕದಲ್ಲಿ ‘ಕೆ’ ತಿರುಗಿಯೇ ನಿಂತಿದೆ.

ಅಜ್ಜ ಗದರಲಿಲ್ಲ, ‘ನೀನು ಕಂಡಿದ್ದು ಸುಳ್ಳು’ ಎಂದೂ ಅನ್ನಲಿಲ್ಲ. ಆ ‘ಇರಬಹುದು’ ಎಷ್ಟು ಜನ ದೊಡ್ಡವರ ಬಾಯಲ್ಲಿ ಬರುತ್ತದೆ? ಗಡಿಯಾರ ಓಡುತ್ತಿತ್ತು, ಮುಂದಿನ ಬ್ಯಾಟರ್ ಬಂದು ನಿಂತಿದ್ದ. ಹುಡುಗಿ ತಿರುಗಿದ ‘ಕೆ’ ಬರೆದಳು, ಪಕ್ಕದಲ್ಲಿ ಔಟಿನ 2 ಬರೆದು ಸೊನ್ನೆ ಸುತ್ತಿದಳು. ಆಮೇಲೆ ಮನೆಯ ಬಲಗೆರೆಯ ಆಚೆಗೆ, ಕೂದಲೆಳೆಯಷ್ಟು ದೂರದಲ್ಲಿ, ಒಂದು ಚುಕ್ಕೆ ಇಟ್ಟಳು. ಅಂಥ ಗುರುತು ಯಾವ ನಿಯಮದಲ್ಲೂ ಇಲ್ಲ. ಅಜ್ಜ ಬಗ್ಗಿ ನೋಡಿದರು. ರಬ್ಬರ್ ಅವರ ಕೈಯಲ್ಲೇ ಉಳಿಯಿತು.