ಕಲಬುರಗಿಯಿಂದ ಬ್ಯಾಂಕಾಕ್, ಫುಕೆಟ್: ಟಿಕೆಟ್‌ಗಿಂತ ಮೊದಲು ತಿಂಗಳು ನೋಡಿ

ಥಾಯ್ಲೆಂಡಿಗೆ ಹೊರಡುವ ನಮ್ಮ ಭಾಗದವರು ಟಿಕೆಟ್ ದರ ನೋಡುತ್ತಾರೆ, ಹೋಟೆಲ್ ನೋಡುತ್ತಾರೆ. ಮಳೆಯ ಲೆಕ್ಕ ಹಾಕುವವರು ಕಡಿಮೆ. ನಾವೂ ಹಾಕದೆ, ಮಕ್ಕಳ ದಸರಾ ರಜೆ ಸಿಕ್ಕಿತೆಂದು 2024ರ ಅಕ್ಟೋಬರ್‌ನಲ್ಲಿ ಕಲಬುರಗಿಯಿಂದ ರಾತ್ರಿ ಬಸ್ಸಿನಲ್ಲಿ ಹೈದರಾಬಾದ್ ಸೇರಿ, ಶಂಶಾಬಾದಿನಲ್ಲಿ ವಿಮಾನ ಹತ್ತಿದೆವು.

ಬ್ಯಾಂಕಾಕಿಗೆ ಎರಡು ದಿನ ಸಾಕು. ಬಿಸಿಲು ನಮಗೇನು ಹೊಸದೇ ಎಂಬ ಧೈರ್ಯ ಬೇಡ. ನಮ್ಮದು ಒಣ ಬಿಸಿಲು, ಅಲ್ಲಿಯದು ಅಂಗಿ ಬೆನ್ನಿಗಂಟುವ ಸೆಕೆ. ಅರಮನೆಯನ್ನು ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ನೋಡಿಬಿಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆಯಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಸಮೀಪದ ವಾಟ್ ಫೋ ದೇಗುಲದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಎಲ್ಲರೂ ಮುಖದ ಮುಂದೆ ಫೋಟೊಕ್ಕೆ ನಿಲ್ಲುತ್ತಾರೆ, ನೀವು ಪಾದಗಳವರೆಗೆ ನಡೆಯಿರಿ. ಅಂಗಾಲಿನಲ್ಲಿ ಕಪ್ಪೆಚಿಪ್ಪಿನ ಹೊಳಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಕಲ್ಲಿನ ಬುದ್ಧಪಾದ ಕಂಡವರಿಗೆ ಅದು ಪರಕೀಯವೆನಿಸುವುದಿಲ್ಲ.

ಫುಕೆಟ್‌ನಲ್ಲಿ ನಮ್ಮ ತಪ್ಪು ತಿಳಿಯಿತು. ದಂಡೆಯಲ್ಲಿ ಕೆಂಪು ಬಾವುಟ, ಅಂದರೆ ನೀರಿಗಿಳಿಯುವಂತಿಲ್ಲ; ಫಿ ಫಿ ದ್ವೀಪದ ದೋಣಿ ಎರಡು ದಿನವೂ ರದ್ದು. ಫುಕೆಟ್, ಕ್ರಾಬಿ, ಫಿ ಫಿ ಇರುವ ಅಂಡಮಾನ್ ಕಡಲಿನ ಬದಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮುಂಗಾರು ಹೊಡೆಯುತ್ತದೆ. ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹೀಗಾಗಿ ದಸರಾ ರಜೆ ಎರಡು ಕಡಲಿಗೂ ಹೊಂದುವುದಿಲ್ಲ. ಮಕ್ಕಳ ಜೊತೆ ಹೋಗುವವರಿಗೆ ಏಪ್ರಿಲ್ ಮೊದಲ ವಾರವೇ ಮೇಲು. 13ರಿಂದ ಥಾಯ್ ಹೊಸವರ್ಷವಾದ ಸೊಂಗ್‌ಕ್ರಾನ್‌ನ ನೀರಾಟದಲ್ಲಿ ಬೀದಿಬೀದಿಯೂ ತೊಯ್ಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋಗುವುದಾದರೆ ಸಮುಯಿಗೇ ಹೋಗಿ.

ಊಟದಲ್ಲಿ ಮಾತ್ರ ನಮ್ಮ ಅದೃಷ್ಟ ಚೆನ್ನಾಗಿತ್ತು. ಆ ವರ್ಷ ಫುಕೆಟ್ ಪಟ್ಟಣದ ಒಂಬತ್ತು ದಿನಗಳ ಸಸ್ಯಾಹಾರ ಹಬ್ಬವು ನಮ್ಮ ನವರಾತ್ರಿಯ ದಿನಗಳಲ್ಲೇ ಬಿದ್ದಿತ್ತು. ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮಾಂಸವಷ್ಟೇ ಅಲ್ಲ, ಬೆಳ್ಳುಳ್ಳಿಯೂ ಇರಲಿಲ್ಲ. ಉಳಿದ ದಿನಗಳಲ್ಲಿ ಬರೀ ತರಕಾರಿ ಎಂದರೂ ಮೀನಿನ ಸಾರದ ಸಾಸ್ ಬೀಳುತ್ತದೆ. ‘ಜೇ’, ಅಂದರೆ ಶುದ್ಧ ಸಸ್ಯಾಹಾರ, ಎಂದು ಕೇಳಿದರೆ ಅರ್ಥವಾಗುತ್ತದೆ.

2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯವಾಗಿದೆ. ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಕಟಕ ರೊಟ್ಟಿ ಒಯ್ಯುವವರು ಬಟ್ಟೆಯಲ್ಲಿ ಸುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮವು ಎರಡನೆಯ ದಿನಕ್ಕೇ ತೇವದ ಗಾಳಿಗೆ ತೊಗಲಿನಂತಾದವು. ಶೇಂಗಾ ಹಿಂಡಿಗೆ ಏನೂ ಆಗಲಿಲ್ಲ.